ನೆನಪೋಲೆಯ ಐದು ದಿನ

ಆ ಖಗೋಳ ಸಂಸ್ಥೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ನೆನಪೋಲೆ. ಯಾರಾದರೂ ಕೊಡಬೇಕಾದ ಉತ್ತರ ಕೊಡದೆ ಕೂತಿದ್ದರೆ ಅವರಿಗೆ ಹದಿನೈದು ದಿನಕ್ಕೊಂದು ನೆನಪೋಲೆ ಕಳಿಸುವುದು ಅವನ ಕೆಲಸ. ಬಂದ ಉತ್ತರಗಳನ್ನು ಜೋಡಿಸಿ ಮೇಲಿನವರಿಗೆ ಕೊಡುವುದೂ ಅವನದೇ ಕೆಲಸ. ಮೊದಲನೆಯದು ವರ್ಷಪೂರ್ತಿ ಇರುತ್ತಿತ್ತು, ಎರಡನೆಯದು ಅಪರೂಪಕ್ಕೆ. "ನನ್ನ ಮೇಲ್ ಕಂಡ್ರೆ ಜನ ಮೊದಲು ನಿಟ್ಟುಸಿರು ಬಿಡ್ತಾರೆ, ಆಮೇಲೆ ಅಳಿಸ್ತಾರೆ. ಕೆಲವರು ನಿಟ್ಟುಸಿರನ್ನೂ ದಂಡ ಮಾಡಲ್ಲ," ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಇನ್ನೊಬ್ಬರು ಹಂಗಿಸುವ ಮೊದಲೇ ತನ್ನನ್ನು ತಾನು ಹಂಗಿಸಿಕೊಂಡುಬಿಟ್ಟರೆ ಅರ್ಧ ನೋವು ತಪ್ಪುತ್ತದೆ. ಐವತ್ತೆರಡು ವರ್ಷಗಳ ಬಾಳಿನಲ್ಲಿ ಅವನು ಕಂಡುಹಿಡಿದ ನಿಯಮ ಇದೊಂದೇ.

ಹಾಗಂತ ಅವನೇನೂ ಹುಟ್ಟಾ ಗುಮಾಸ್ತನಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅವನೂ ಡಾಕ್ಟರೇಟಿಗೆಂದು ಒಂದು ನಕ್ಷತ್ರದ ಬೆನ್ನು ಬಿದ್ದಿದ್ದ. ದಿಗಂತದ ಹತ್ತಿರ, ಆಕಾಶದ ಒಂದು ಮೂಲೆಯಲ್ಲಿ ಮಂಕಾಗಿ ಕೂತಿದ್ದ ನಕ್ಷತ್ರ ಅದು. ಸರಿಯಾಗಿ ಏಳು ದಿನಕ್ಕೊಮ್ಮೆ ಇನ್ನಷ್ಟು ಮಂಕಾಗುತ್ತಿತ್ತು. ಮೂರು ವರ್ಷ ಅದನ್ನು ಅಳೆದು, ಅದರ ಸುತ್ತ ಯಾವುದೋ ದೊಡ್ಡ ಗ್ರಹ ಸುತ್ತುತ್ತಿದೆ ಎಂದು ಇನ್ನೂರು ಪುಟ ಬರೆದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಆ ಗ್ರಹಕ್ಕೊಂದು ಹೆಸರನ್ನೂ ಇಟ್ಟುಕೊಂಡಿದ್ದ. ಪರೀಕ್ಷೆಯ ದಿನ ತುಂಬಿದ ಸಭೆಯಲ್ಲಿ ಅವನ ಗುರುಗಳು ಎದ್ದು ನಿಂತರು. ಎಲ್ಲದಕ್ಕೂ ಆಕ್ಷೇಪ ಎತ್ತುತ್ತಿದ್ದರಿಂದ ತಕರಾರು ಮೇಷ್ಟ್ರು ಎಂದೇ ಅವರಿಗೆ ಹೆಸರು.

"ನಕ್ಷತ್ರಕ್ಕೆ ವಾರ ಅನ್ನೋದು ಗೊತ್ತಿಲ್ಲ ಕಣಯ್ಯಾ. ವಾರ ಗೊತ್ತಿರೋದು ಮನುಷ್ಯರಿಗೆ. ಗುಡ್ಡದ ಕೆಳಗೆ ಇರೋ ಲಾಂಡ್ರಿಯವರು ವಾರಕ್ಕೊಂದು ರಾತ್ರಿ ಆಸ್ಪತ್ರೆ ಹೊದಿಕೆ ಕುದಿಸ್ತಾರೆ. ಆ ಹಬೆ ಎದ್ದು ನಿನ್ನ ಮೂಲೆಗೇ ಹೋಗುತ್ತೆ. ನಾನು ನಿನ್ನೆ ಹೋಗಿ ನೋಡ್ಕೊಂಡು ಬಂದೆ," ಎಂದರು.

ಸಭೆ ನಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ಅವನದು ಹೋದದ್ದು ಸೋಪಿಗೆ. ಈ ಕಥೆಯನ್ನು ಅವನು ಸಂಸ್ಥೆಗೆ ಹೊಸಬರು ಯಾರೇ ಬಂದರೂ ತಾನಾಗಿಯೇ ಹೇಳಿ ನಗಿಸುತ್ತಿದ್ದ. ಹೇಳದೆ ಬಿಡುತ್ತಿದ್ದದ್ದು ಒಂದೇ ಒಂದು ಮಾತು. ಪರೀಕ್ಷೆಗೆ ಎರಡು ತಿಂಗಳ ಮೊದಲೇ ಒಂದು ರಾತ್ರಿ ಅಳತೆ ಮಾಡುವಾಗ ಅವನ ಮೂಗಿಗೆ ಸೋಪಿನ ವಾಸನೆ ಬಡಿದಿತ್ತು. ಎಲ್ಲ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದು ಸುಮ್ಮನಿದ್ದ. ನಗು ಬರದ ಭಾಗ ಇದೊಂದೇ ಆಗಿದ್ದರಿಂದ ಇದನ್ನು ಹೆಂಡತಿಯೊಬ್ಬಳಿಗೆ ಮಾತ್ರ ಹೇಳಿದ್ದ.

ಅಂಥವನ ಪಾಲಿಗೆ ಈ ವರ್ಷ ಒಂದು ದೊಡ್ಡ ಕೆಲಸ ಬಂತು. ಕೆಲವು ದೇಶಗಳು ಸೇರಿ ಒಂದು ಬಾಹ್ಯಾಕಾಶ ದೂರದರ್ಶಕ ಕಟ್ಟುತ್ತಿದ್ದವು. ಅದು ಮೇಲೆ ಹೋದಮೇಲೆ ಎರಡು ವರ್ಷ ಇಡೀ ಆಕಾಶದ ಸಮೀಕ್ಷೆ ಮಾಡಬೇಕು. ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಒಂದೇ ಜಾಗಕ್ಕೆ ಎಷ್ಟು ದಿನಕ್ಕೊಮ್ಮೆ ಮರಳಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ ಕಟ್ಟುವವರ ಕೈಗೆ ಕೊಡಬೇಕಿತ್ತು. ಯೋಜನಾ ಸಮಿತಿಯ ಅಧ್ಯಕ್ಷೆ ನೇರ ಮಾತಿನ ಹೆಂಗಸು. "ಆಕಾಶ ಸಮಿತಿಯ ಆಸ್ತಿ ಅಲ್ಲ. ಎಲ್ಲ ಖಗೋಳಜ್ಞರನ್ನೂ ಕೇಳೋಣ. ಕೇಳೋ ಜವಾಬ್ದಾರಿ ನಿಮ್ಮದು," ಎಂದು ಅವನತ್ತ ಬೆರಳು ತೋರಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳೆಲ್ಲ ಮುಖ ಮುಖ ನೋಡಿಕೊಳ್ಳುವಾಗ ನೆನಪೋಲೆಯ ಕೈಯಲ್ಲಿ ಗಂಟೆ ಆಗಲೇ ಇತ್ತು.

ಖಗೋಳಜ್ಞರ ಅಭಿಪ್ರಾಯ ಕೇಳುವುದೆಂದರೆ ಹುಡುಗಾಟವಲ್ಲ. ಕೋಟಿಗಟ್ಟಲೆ ವರ್ಷ ಹಿಂದಿನ ಬೆಳಕನ್ನು ಹಿಡಿದುಬಿಡುವ ಈ ಜನಕ್ಕೆ ಹೋದ ವಾರ ಬಂದ ಮೇಲ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅವರಲ್ಲೂ ಪಂಗಡಗಳಿವೆ. ಒಂದು ಪಂಗಡಕ್ಕೆ ಆಕಾಶದ ಉದ್ದಗಲವೆಲ್ಲ ಬೇಕು, ಮೇಲೆ ಮೇಲೆ ನೋಡಿದರೂ ಸಾಕು. ಇನ್ನೊಂದಕ್ಕೆ ಉಗುರಿನಷ್ಟು ಜಾಗ ಸಾಕು, ಆದರೆ ಪಾತಾಳ ಕಾಣುವ ತನಕ ಕಣ್ಣು ಕೀಳಬಾರದು. ಮೂರನೆಯವರದು ಹೋಗಿ ಹೋಗಿ ಬಂದು ನೋಡುವ ಚಾಳಿ, ಏನು ಬದಲಾಯಿತು ಅನ್ನುವುದೇ ಅವರ ಧ್ಯಾನ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಎಲ್ಲರದೂ ವಾದ. ಎಂಥ ಪ್ರಶ್ನೆ ಹಾಕಿದರೂ ಇವರು ಒಂದು ಅಂಕಿ ಬರೆಯುವ ಬದಲು ಮೂರು ಪುಟದ ಪ್ರಬಂಧ ಬರೆಯುತ್ತಾರೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು.

ಅದಕ್ಕೆಂದೇ ಅವನೊಂದು ಫಾರಂ ತಯಾರಿಸಿದ. ಒಂಬತ್ತು ಪ್ರಶ್ನೆ, ಒಂಬತ್ತು ಚೌಕ, ಕೊನೆಯಲ್ಲಿ ಕಳಿಸುವ ಗುಂಡಿ. ಏಳನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದೇ ಜಾಗವನ್ನು ಎಷ್ಟು ದಿನಕ್ಕೊಮ್ಮೆ ಮತ್ತೆ ನೋಡಬೇಕು? ಪರೀಕ್ಷೆಗೆಂದು ನಾಲ್ಕು ಜನರಿಗೆ ಕೊಟ್ಟು ನೋಡಿದರೆ ನಾಲ್ವರೂ ಆ ಚೌಕದಲ್ಲಿ "ಅದು ಹಲವು ಸಂಗತಿಗಳನ್ನು ಅವಲಂಬಿಸಿದೆ" ಎಂದು ಶುರುಮಾಡಿದರು. ಇವರಿಗೆ ಅಂಕಿ ಬರೆಯುವುದನ್ನು ತೋರಿಸಿಕೊಡದೆ ದಾರಿಯಿಲ್ಲ ಎಂದುಕೊಂಡು ಚೌಕದೊಳಗೆ ತಾನೇ ಒಂದು ಅಂಕಿ ಹಾಕಿಡಲು ಹೊರಟ. ಯಾವುದು ಹಾಕಲಿ ಎಂದು ತಲೆಯೆತ್ತಿದಾಗ ಕಿಟಕಿಯ ಮೇಲಿನ ಕುಂಡ ಕಾಣಿಸಿತು. ಅಗಲ ಎಲೆಯ ಆ ಗಿಡವನ್ನು ಕೊಟ್ಟವಳು ಹೆಂಡತಿ. ಅವಳೇ ಒಂದು ಚೀಟಿಯನ್ನು ಕಡ್ಡಿಗೆ ಸಿಕ್ಕಿಸಿ ಮಣ್ಣಿನಲ್ಲಿ ಚುಚ್ಚಿಟ್ಟಿದ್ದಳು: "ಐದು ದಿನಕ್ಕೊಮ್ಮೆ ನೀರು. ಮರೀಬೇಡಿ." ಊರಿಗೆಲ್ಲ ನೆನಪೋಲೆ ಕಳಿಸುವವನಿಗೂ ಒಬ್ಬರು ನೆನಪೋಲೆ ಬರೆಯುವವರು ಬೇಕಲ್ಲ. ಅವನು ಚೌಕದಲ್ಲಿ ಐದು ಎಂದು ಒತ್ತಿದ, ಫಾರಂ ಕಳಿಸಿದ, ಗಿಡಕ್ಕೆ ನೀರು ಹಾಕಿ ಮನೆಗೆ ಹೋದ.

ಮೂರು ತಿಂಗಳಲ್ಲಿ ಆರು ನೆನಪೋಲೆ ಹೋದವು. ಮೊದಲನೆಯದರಲ್ಲಿ "ದಯವಿಟ್ಟು" ಇತ್ತು, ಮೂರನೆಯದರಲ್ಲಿ "ದಯವಿಟ್ಟು ದಯವಿಟ್ಟು" ಆಯಿತು, ಆರನೆಯದರಲ್ಲಿ ನಾಚಿಕೆ ಬಿಟ್ಟು "ನನ್ನ ಮುಖ ನೋಡಿಯಾದರೂ" ಎಂದು ಬರೆದ. ಅವನ ಮುಖವನ್ನು ಅವರಲ್ಲಿ ಹೆಚ್ಚಿನವರು ನೋಡಿರಲೇ ಇಲ್ಲ. ಆದರೂ ನೂರ ನಲವತ್ತಮೂರು ಉತ್ತರ ಬಂದವು. ಸಂಸ್ಥೆಯ ಚರಿತ್ರೆಯಲ್ಲೇ ಅಷ್ಟು ಉತ್ತರ ಯಾವತ್ತೂ ಬಂದಿರಲಿಲ್ಲ.

ಫಾರಂ ತುಂಬದೆ ಕಾಗದ ಬರೆದವರು ಒಬ್ಬರೇ, ತಕರಾರು ಮೇಷ್ಟ್ರು. ನಿವೃತ್ತರಾಗಿ ಹದಿನೈದು ವರ್ಷವಾದರೂ ತಕರಾರು ನಿವೃತ್ತವಾಗಿರಲಿಲ್ಲ. ನಾಲ್ಕು ಹಾಳೆ, ಎರಡೂ ಬದಿ, ಇರುವೆ ಸಾಲಿನಂಥ ಅಕ್ಷರ. ನೆನಪೋಲೆ ಮೊದಲ ಪ್ಯಾರಾ ಓದಿದ. "ನಿನ್ನ ಚೌಕಗಳಲ್ಲಿ ನಾನು ಹಿಡಿಯುವುದಿಲ್ಲ" ಎಂದಿತ್ತು. ಅವರ ಕೈಬರಹ ಕಂಡರೇ ಅವನಿಗೆ ಮೂಗಿನಲ್ಲಿ ಸೋಪಿನ ವಾಸನೆ ಆಡುತ್ತಿತ್ತು. ಮಡಚಿ "ಇತರೆ" ಎಂಬ ಫೈಲಿಗೆ ಸೇರಿಸಿದ. "ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ" ಎಂಬ ಸಿದ್ಧ ಉತ್ತರವನ್ನು ಅಂಚೆಗೆ ಹಾಕಿದ.

ಉತ್ತರಗಳನ್ನೆಲ್ಲ ಜೋಡಿಸಿ ಚಿತ್ರ ಬಿಡಿಸಿದಾಗ ಏಳನೇ ಪ್ರಶ್ನೆಯ ಚಿತ್ರ ನೋಡಿ ಅವನೇ ಬೆರಗಾದ. ಅಲ್ಲಲ್ಲಿ ಗಿಡ್ಡ ಗೂಟಗಳು, ನಡುವೆ ಐದರ ಮೇಲೆ ಒಂದು ಮಹಾ ಕಂಬ. ಎಂಬತ್ತೆಂಟು ಜನ ಐದು ದಿನಕ್ಕೊಮ್ಮೆ ಎಂದಿದ್ದರು! ಒಂದು ಸಭೆಯ ವೇಳೆಯ ಬಗ್ಗೆಯೂ ಒಮ್ಮತಕ್ಕೆ ಬರದ ಜನ ಆಕಾಶದ ವಿಷಯದಲ್ಲಿ ಒಂದಾಗಿದ್ದರು.

ಅಧ್ಯಕ್ಷೆ ಕುರ್ಚಿಯಿಂದ ಎದ್ದೇ ಬಿಟ್ಟರು. "ಇಪ್ಪತ್ತು ವರ್ಷದಿಂದ ನಾವು ಬಡಿದಾಡ್ತಿರೋ ಪ್ರಶ್ನೆ ಇದು. ನೀವು ಒಂದೇ ಫಾರಂನಲ್ಲಿ ಬಗೆಹರಿಸಿದ್ರಲ್ಲ!" ಎಂದರು. ಗಣಿತದ ಭಾಗಕ್ಕೆ ಒಬ್ಬರು ಪಂಡಿತರಿದ್ದರು, ಲೆಕ್ಕದ ಪಂಡಿತರು ಎಂದೇ ಕರೆಯುತ್ತಿದ್ದರು. ಅವರು ಐದು ದಿನವೇ ಯಾಕೆ ಅತ್ಯುತ್ತಮ ಎಂದು ಸಾಧಿಸುವ ಹನ್ನೊಂದು ಪುಟದ ಟಿಪ್ಪಣಿಯನ್ನು ನಾಲ್ಕೇ ದಿನದಲ್ಲಿ ಬರೆದು ಹಂಚಿದರು. ಅದರಲ್ಲಿ "ಸಮುದಾಯದ ಸಹಜ ವಿವೇಕ" ಎಂಬ ಮಾತು ಮೂರು ಕಡೆ ಬಂದಿತ್ತು. ಗುರುವಾರ ಕೊನೆಯ ಸಭೆ. ಅಲ್ಲಿ ಒಪ್ಪಿಗೆಯಾದರೆ ಯೋಜನೆ ಕಟ್ಟುವವರ ಕೈ ಸೇರುತ್ತದೆ, ಆಮೇಲೆ ಒಂದು ಗೀಟೂ ಬದಲಾಗುವುದಿಲ್ಲ. ಅಧ್ಯಕ್ಷೆ ಅವನನ್ನು ಒಳಗೆ ಕರೆದು ಇನ್ನೊಂದು ಮಾತೂ ಹೇಳಿದರು: "ವರದಿಯ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತೆ. ಗುರುವಾರ ಘೋಷಿಸ್ತೀನಿ."

ಲೇಖಕರ ಪಟ್ಟಿ! ಖಗೋಳಶಾಸ್ತ್ರದ ಒಂದು ಪುಟದ ಮೇಲೆ ತನ್ನ ಹೆಸರು ಅಚ್ಚಾಗಬೇಕು ಎಂಬ ಆಸೆಯನ್ನು ಅವನು ಇಪ್ಪತ್ತೈದು ವರ್ಷದ ಹಿಂದೆ ಮಡಚಿಟ್ಟಿದ್ದ. ಅದು ಮಡಿಕೆ ಬಿಚ್ಚಿಕೊಂಡು ಎದ್ದು ಕೂತಿತು. ಕಾರಿಡಾರಿನಲ್ಲಿ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಶೌಚಾಲಯದ ಕನ್ನಡಿಯ ಮುಂದೆ ನಿಂತು ತನ್ನ ಪೂರ್ತಿ ಹೆಸರನ್ನು ಮೆಲ್ಲಗೆ ಉಚ್ಚರಿಸಿ ನೋಡಿಕೊಂಡ. ಒಳಗಿನ ಬಾಗಿಲು ತೆರೆದು ಲೆಕ್ಕದ ಪಂಡಿತರು ಹೊರಬಂದು "ಯಾರನ್ನ ಕರೀತಿದ್ದೀರಿ?" ಎಂದು ಕೇಳಿದರು.

ಅವನ ಹೆಂಡತಿ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಈ ಸುದ್ದಿ ತಿಳಿದ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಒಂದು ಕಣ್ಣು ಮುಚ್ಚಿಸಿ, ಓಡಿಹೋಗಲಾಗದ ಸ್ಥಿತಿಯಲ್ಲಿ ಕೂರಿಸಿ, ಗಂಡನ ಹೆಸರು ಅಚ್ಚಾಗುವ ವಿಷಯ ಹೇಳುತ್ತಿದ್ದಳು. ಮಂಗಳವಾರ ಸಂಜೆ ಊಟಕ್ಕೆ ಕೂತಾಗ ಅವನು ಮತ್ತೊಮ್ಮೆ ಆ ಕಂಬದ ವರ್ಣನೆ ಶುರುಮಾಡಿದ. ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಒಂದು ನಿಮಿಷ ತಡೀರಿ. ಎಂಬತ್ತೆಂಟು ಜನಾನೂ ಐದೇ ಅಂದ್ರಾ?"

"ಐದೇ."

"ನಮ್ಮ ಅಂಗಡಿಗೆ ಬರೋ ಗಂಡ ಹೆಂಡತಿ ಒಂದೇ ಬೋರ್ಡಲ್ಲಿ ಒಂದೇ ಅಕ್ಷರಾನ ಬೇರೆ ಬೇರೆ ಓದ್ತಾರೆ. ನಿಮ್ಮ ವಿಜ್ಞಾನಿಗಳಿಗೆ ಅಷ್ಟು ಒಗ್ಗಟ್ಟು ಯಾವಾಗ ಬಂತು? ಹೇಗೆ ಕೇಳಿದ್ರಿ ನೀವು? ತೋರಿಸಿ."

ಅವನು ಹೆಮ್ಮೆಯಿಂದಲೇ ಫೋನಿನಲ್ಲಿ ಫಾರಂ ತೆರೆದು ಕೊಟ್ಟ. ಅವಳು ಎಡಗೈಯಲ್ಲಿ ಹಿಡಿದು ಒಂದೊಂದೇ ಪ್ರಶ್ನೆ ಸರಿಸುತ್ತ ಹೋದಳು. ಏಳನೆಯದಕ್ಕೆ ಬಂದು ನಿಂತಳು.

"ಇಲ್ಲಿ ಐದು ಅಂತ ಬರೆದವರು ಯಾರು?"

"ನಾನೇ. ಉದಾಹರಣೆಗೆ ಅಂತ."

"ಅವರು ಇದನ್ನ ಮುಟ್ಟದೇ ಕೆಳಗೆ ಹೋಗಿ ಗುಂಡಿ ಒತ್ತಿದ್ರೆ?"

ಅವನು ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಏಳನೇ ಚೌಕವನ್ನು ಹತ್ತಿರ ಹಿಡಿದು ನೋಡಿದ.

"ನಾನು ಯಾರ ಕಣ್ಣಿಗೂ ಮೊದಲೇ ಗಾಜು ಹಾಕಿ 'ಇದು ಸರಿ ತಾನೆ' ಅಂತ ಕೇಳಲ್ಲ ಕಣ್ರೀ," ಎಂದಳು ಅವಳು, ದನಿ ತಗ್ಗಿಸಿ. "ಹಾಗೆ ಕೇಳಿದ್ರೆ ಹತ್ತರಲ್ಲಿ ಎಂಟು ಜನ ಹೂಂ ಅಂತಾರೆ. ಪಾಪ, ಅವರಿಗೆ ಮನೆಗೆ ಹೋಗೋ ಅವಸರ. ನನ್ನ ಕೆಲಸ ಕಲಿಸಿದವರು ಮೊದಲನೇ ದಿನ ಹೇಳಿದ ಮಾತು ಅದು."

ಬುಧವಾರ ಬೆಳಗ್ಗೆ ಅವನು ಎಲ್ಲರಿಗಿಂತ ಮೊದಲು ಕಚೇರಿಗೆ ಹೋದ. ಯಾವ ಚೌಕವನ್ನು ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂಬ ಗುರುತು ಫಾರಂನ ಹಿಂಭಾಗದಲ್ಲಿ ಉಳಿದಿರುತ್ತದೆ. ಅದನ್ನು ತೆರೆಯುವ ಮೊದಲು ಗಿಡದ ಎಲೆಗಳನ್ನೆಲ್ಲ ಒರೆಸಿದ, ಪೆನ್ಸಿಲ್ ಚೂಪು ಮಾಡಿದ, ಎರಡು ಸಲ ಕುರ್ಚಿ ಎತ್ತರ ಸರಿಮಾಡಿಕೊಂಡ. ಹನ್ನೊಂದು ಗಂಟೆಗೆ ಬೇರೆ ಕೆಲಸ ಸಿಗದೆ ತೆರೆದ. ಐದು ಎಂದಿದ್ದ ಎಂಬತ್ತೆಂಟು ಜನರಲ್ಲಿ ಏಳನೇ ಚೌಕವನ್ನು ಮುಟ್ಟಿದವರು ಒಂಬತ್ತು ಜನ. ಉಳಿದ ಎಪ್ಪತ್ತೊಂಬತ್ತು ಜನ ಅವನ ಐದನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದರು. ಸಮುದಾಯದ ಸಹಜ ವಿವೇಕ ಕಿಟಕಿಯ ಮೇಲೆ ಕುಂಡದಲ್ಲಿ ಹಸಿರಾಗಿ ನಿಂತಿತ್ತು.

ಆಗ ಯಾಕೋ "ಇತರೆ" ಫೈಲು ನೆನಪಾಯಿತು. ಮೇಷ್ಟ್ರ ಕಾಗದ ತೆಗೆದು ಈ ಸಲ ಪೂರ್ತಿ ಓದಿದ. ಮೊದಲ ಮೂರು ಹಾಳೆಗಳಲ್ಲಿ ಅವರು ಬೇಡಿಕೊಂಡದ್ದು ಇಷ್ಟೇ: ಸಿಡಿಯುವ ನಕ್ಷತ್ರ ತನ್ನ ಗುಟ್ಟನ್ನು ಮೊದಲ ಒಂದೆರಡು ದಿನದಲ್ಲೇ ಹೇಳಿ ಮುಗಿಸುತ್ತದೆ. ಐದನೇ ದಿನ ಹೋದವನಿಗೆ ಸಿಗುವುದು ಬೂದಿ. ಆಕಾಶದಲ್ಲಿ ಒಂದೇ ಒಂದು ಸಣ್ಣ ತುಂಡನ್ನಾದರೂ ಕೆಲವು ಗಂಟೆಗಳಿಗೊಮ್ಮೆ ನೋಡುವ ಹಾಗೆ ಮಾಡಿ. ನನ್ನ ಜೀವಮಾನದಲ್ಲಿ ಅದು ಆಗಲಿಲ್ಲ, ನಿಮ್ಮದರಲ್ಲಾದರೂ ಆಗಲಿ. ನಾಲ್ಕನೇ ಹಾಳೆಯ ಕೊನೆಗೆ ಒಂದು ಪ್ರತ್ಯೇಕ ಸಾಲು ಇತ್ತು: "ಏಳನೇ ಪ್ರಶ್ನೆಗೆ ನಾವು ಉತ್ತರ ಕೊಡುವ ಮೊದಲೇ ನೀನೇ ಕೊಟ್ಟುಬಿಟ್ಟಿದ್ದೀಯಲ್ಲಯ್ಯಾ. ಈ ಐದು ಯಾವ ಲಾಂಡ್ರಿಯದು?"

ಕಾಗದದ ಮೇಲಿನ ತಾರೀಖು ಮೂರು ತಿಂಗಳ ಹಿಂದಿನದು. ತನ್ನ ಮೇಲ್ ಯಾರೂ ಓದುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡುವ ಮಹಾಶಯ, ತನಗೆಂದೇ ಬಂದ ಒಂದೇ ಒಂದು ಕಾಗದವನ್ನು ಓದಿರಲಿಲ್ಲ. ಅವನಿಗೆ ನಗು ಬಂತು, ನಗುವಿನ ಬೆನ್ನಲ್ಲೇ ಕಿವಿ ಬಿಸಿಯಾಗುವಷ್ಟು ನಾಚಿಕೆಯೂ ಬಂತು.

ಆದರೂ ಅವನು ತಕ್ಷಣ ಎದ್ದು ಅಧ್ಯಕ್ಷೆಯ ಕೋಣೆಗೆ ಓಡಿದ ಎಂದು ಬರೆದರೆ ಸುಳ್ಳಾದೀತು. ಹಾವೂ ಸಾಯದ ಕೋಲೂ ಮುರಿಯದ ದಾರಿಗಳನ್ನು ಹುಡುಕುತ್ತ ಮಧ್ಯಾಹ್ನವೆಲ್ಲ ಕಳೆದ. "ತಾಂತ್ರಿಕ ಕಾರಣಗಳಿಂದ" ಎಂದು ಶುರುವಾಗುವ ಒಂದು ಮೇಲ್ ಬರೆದು ಅಳಿಸಿದ. ತಪ್ಪನ್ನು ಕಂಪ್ಯೂಟರಿನ ತಲೆಗೆ ಕಟ್ಟಬಹುದಿತ್ತು, ಅದು ಎದುರು ಮಾತಾಡುವುದಿಲ್ಲ. ಇನ್ನೂ ಸುಲಭವಾದದ್ದು ಸುಮ್ಮನಿರುವುದು. ಹೇಗೂ ಪಂಡಿತರು ಐದೇ ಸರಿ ಎಂದು ಸಾಧಿಸಿಬಿಟ್ಟಿದ್ದಾರೆ, ಮೇಷ್ಟ್ರ ಮಾತನ್ನು ಈಗ ಕೇಳುವವರಿಲ್ಲ, ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು. ಕಾರಿಡಾರಿನಲ್ಲಿ ಅಧ್ಯಕ್ಷೆ ಎದುರಾಗಿ "ನಾಳೆಗೆ ಎಲ್ಲ ಸರಿ ಇದೆ ತಾನೆ?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು "ಹೂಂ ಮೇಡಂ" ಎಂದ.

ಸಂಜೆ ಅವನು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿ "ಎಷ್ಟು ಜನ?" ಎಂದು ಕೇಳಿದಳು.

"ಎಪ್ಪತ್ತೊಂಬತ್ತು."

"ಹೇಳಿದ್ರಾ?"

"ಇಲ್ಲ." ಚಪ್ಪಲಿಯನ್ನು ಮೂಲೆಗೆ ಸರಿಸುತ್ತ ಹೇಳಿದ, "ಪಟ್ಟಿಯಿಂದ ಹೆಸರು ಹೋಗುತ್ತೆ ಕಣೇ. ನೀನು ಅಂಗಡಿಯಲ್ಲೆಲ್ಲ ಹೇಳ್ಕೊಂಡು ಬಂದಿದ್ದೀಯ."

"ನನ್ನ ಗಿರಾಕಿಗಳ ಚಿಂತೆ ನಿಮಗೆ ಬೇಡ. ಅರ್ಧ ಜನಕ್ಕೆ ದೂರದ್ದು ಕಾಣಲ್ಲ, ಇನ್ನರ್ಧ ಜನಕ್ಕೆ ಹತ್ತಿರದ್ದು ಕಾಣಲ್ಲ." ಅವಳು ಅವನ ಚೀಲ ತೆಗೆದು ಮೇಜಿನ ಮೇಲಿಟ್ಟಳು. "ಆ ಸೋಪಿನ ವಾಸನೆ ಬಂದಾಗ ಎರಡು ತಿಂಗಳು ಸುಮ್ಮನಿದ್ರಿ. ಇಪ್ಪತ್ತೈದು ವರ್ಷದಿಂದ ಅದನ್ನ ತಮಾಷೆ ಮಾಡಿ ಮಾಡಿ ಹೇಳ್ತಿದ್ದೀರಿ. ಇನ್ನೊಂದು ಇಪ್ಪತ್ತೈದು ವರ್ಷ ಇದನ್ನೂ ಹೇಳ್ತಾ ಕೂತರೆ ಕೇಳೋಕೆ ನನ್ನ ಕೈಲಾಗಲ್ಲ."

ಗುರುವಾರದ ಸಭೆಗೆ ನಲವತ್ತು ಜನ ಉದ್ದ ಮೇಜಿನ ಸುತ್ತ ಕೂತಿದ್ದರು, ಗೋಡೆಯ ಪರದೆಯಲ್ಲಿ ಇನ್ನಷ್ಟು ಮುಖಗಳಿದ್ದವು. ನೆನಪೋಲೆ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ಅಲಂಕಾರಕ್ಕಿರಬೇಕು ಎಂದು ಯಾರೋ ಜಾಗ ಮಾಡಿಕೊಟ್ಟರು. ಪರದೆಯ ಮೇಲೆ ಆ ಮಹಾ ಕಂಬ ಮೂಡಿತು, ಅಧ್ಯಕ್ಷೆ "ನಮ್ಮ ಸಂಯೋಜಕರು ಇದನ್ನ ವಿವರಿಸ್ತಾರೆ" ಎಂದು ಕೂತರು.

ಅವನು ಎದ್ದು ನಿಂತ. ಮೊಣಕಾಲು ಮೇಜಿಗೆ ಬಡಿಯಿತು.

"ಈ ಕಂಬ ನಿಮ್ಮದಲ್ಲ, ನನ್ನದು," ಎಂದ. "ಚೌಕದಲ್ಲಿ ಉದಾಹರಣೆಗೆ ಅಂತ ಐದು ಹಾಕಿಟ್ಟಿದ್ದೆ. ಎಪ್ಪತ್ತೊಂಬತ್ತು ಜನ ಅದನ್ನ ಮುಟ್ಟಲೇ ಇಲ್ಲ. ನಿಜವಾಗಿ ಐದು ಅಂದವರು ಒಂಬತ್ತು ಜನ. ಐದು ಎಲ್ಲಿಂದ ಬಂತು ಅಂತ ಕೇಳ್ತೀರೇನೋ, ಅದಕ್ಕೇ ಇದನ್ನ ತಂದೆ. ಈ ಗಿಡಕ್ಕೆ ಐದು ದಿನಕ್ಕೊಮ್ಮೆ ನೀರು ಹಾಕಬೇಕು. ಚೀಟಿ ಇಲ್ಲೇ ಇದೆ, ನೋಡಬಹುದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಲೆಕ್ಕದ ಪಂಡಿತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆದ್ರೆ ಐದೇ ಅತ್ಯುತ್ತಮ ಅಂತ ನಾನು ಸಾಧಿಸಿದ್ದೀನಲ್ಲ?"

"ಗಿಡ ಚೆನ್ನಾಗೇ ಇದೆ ಸಾರ್. ಅದರ ಮಟ್ಟಿಗೆ ನಿಮ್ಮ ಹನ್ನೊಂದು ಪುಟಾನೂ ಸರಿ."

ಪರದೆಯ ಒಂದು ಮೂಲೆಯಿಂದ ಒಬ್ಬರು ಕೆಮ್ಮಿದರು. ಅಲ್ಲಿಂದ ನಗು ಒಡೆಯಿತು, ಮೇಜಿನ ಸುತ್ತ ಹಬ್ಬಿತು. ಎಪ್ಪತ್ತೊಂಬತ್ತರಲ್ಲಿ ಸೇರಿದವರು ತುಸು ತಡವಾಗಿ ನಕ್ಕರು. ಅಧ್ಯಕ್ಷೆ ನಗಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಮೇಡಂ."

"ಮಧ್ಯಾಹ್ನ ನಾನು ಕೇಳಿದಾಗ ಎಲ್ಲ ಸರಿ ಇದೆ ಅಂದ್ರಿ."

"ಅಂದೆ. ಸಂಜೆ ತನಕ ಹೇಳಬಾರದು ಅಂತಲೇ ಇದ್ದೆ." ಇಷ್ಟು ಹೇಳಿದಮೇಲೆ ಉಳಿದದ್ದನ್ನು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಚೀಲದಿಂದ ಮೇಷ್ಟ್ರ ಕಾಗದ ತೆಗೆದ. "ಇದನ್ನ ಮೂರು ತಿಂಗಳ ಹಿಂದೇನೇ ಒಬ್ಬರು ಬರೆದು ತಿಳಿಸಿದ್ರು. ನಾನು ಓದಲಿಲ್ಲ. ಈಗ ಓದ್ತೀನಿ, ದಯವಿಟ್ಟು ಕೇಳಿ." ನಾಲ್ಕು ಹಾಳೆಯನ್ನೂ ಎರಡೂ ಬದಿ ಓದಿದ, ಲಾಂಡ್ರಿಯ ಸಾಲನ್ನೂ ಬಿಡಲಿಲ್ಲ. ಓದಿ ಮುಗಿಸುವ ಹೊತ್ತಿಗೆ ಕೋಣೆಯಲ್ಲಿ ನಗು ಇರಲಿಲ್ಲ.

ಅಂದು ತೀರ್ಮಾನವಾಗಲಿಲ್ಲ. ಅಧ್ಯಕ್ಷೆ ಕಟ್ಟುವವರಿಂದ ಮೂರು ವಾರದ ಗಡುವು ಕೇಳಿ ಪಡೆದರು, ಖಾಲಿ ಚೌಕದ ಫಾರಂ ಮತ್ತೆ ಹೋಯಿತು. ಲೇಖಕರ ಪಟ್ಟಿಯ ವಿಷಯ ಆಮೇಲೆ ಯಾರೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಈ ಸಲ ಜನ ಏಳನೇ ಚೌಕದಲ್ಲಿ ಆರು ಗಂಟೆಯಿಂದ ಮೂರು ತಿಂಗಳ ತನಕ ಬಾಯಿಗೆ ಬಂದದ್ದು ಬರೆದರು. ಇಪ್ಪತ್ತೊಂದು ಜನ ಪ್ರಬಂಧವನ್ನೇ ಬರೆದರು. ಚಿತ್ರದಲ್ಲಿ ಕಂಬವೇ ಇರಲಿಲ್ಲ, ದನ ನುಗ್ಗಿ ಹೋದ ತೋಟದ ಬೇಲಿಯ ಹಾಗೆ ಕಂಡಿತು. ಅದನ್ನು ಮುಂದಿಟ್ಟುಕೊಂಡು ಸಮಿತಿ ಜಗಳವಾಡಿ, ಮುನಿಸಿಕೊಂಡು, ಮತ್ತೆ ಕೂತು ಕೊನೆಗೊಂದು ಯೋಜನೆ ಮಾಡಿತು. ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಅಂತರ. ಒಂದು ಸಣ್ಣ ತುಂಡಿಗೆ ಮಾತ್ರ ಆರು ಗಂಟೆಗೊಮ್ಮೆ. ಮೇಷ್ಟ್ರು ಕೇಳಿದ್ದರಲ್ಲಿ ಅರ್ಧದಷ್ಟು ಜಾಗ ಅದು, ಆದರೂ ಸಿಕ್ಕಿತು.

ವರದಿ ಅಚ್ಚಾಗಿ ಬಂತು. ಮುನ್ನೂರು ಪುಟ. ಲೇಖಕರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಇದ್ದದ್ದು ನೂರ ಹನ್ನೆರಡನೇ ಪುಟದ ಅಡಿಟಿಪ್ಪಣಿಯಲ್ಲಿ, ಇರುವೆ ಕೂಡ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ: "ಮೊದಲ ಸುತ್ತಿನಲ್ಲಿ ಏಳನೇ ಪ್ರಶ್ನೆಗೆ ಬಂದ ಉತ್ತರಗಳನ್ನು ಕೈಬಿಡಲಾಗಿದೆ. ಅವುಗಳಲ್ಲಿ ಹೆಚ್ಚಿನವು ಸೂಚಿಸುತ್ತಿದ್ದದ್ದು ಒಂದು ಗಿಡಕ್ಕೆ ನೀರು ಹಾಕುವ ಅಂತರವನ್ನು. ಈ ತಪ್ಪು ಸಂಯೋಜಕರದು, ಅದನ್ನು ತಿಳಿಸಿದವರೂ ಅವರೇ." ಅದರ ಮುಂದೆ ಅವನ ಪೂರ್ತಿ ಹೆಸರು. ಬರೆದವರು ಅಧ್ಯಕ್ಷೆ ಎಂದು ಆಮೇಲೆ ತಿಳಿಯಿತು. ಖಗೋಳಶಾಸ್ತ್ರದ ಪುಟದ ಮೇಲೆ ಹೆಸರು ಬರಬೇಕು ಎಂದು ಬಯಸಿದ್ದೆ, ಪುಟದ ಯಾವ ಭಾಗದಲ್ಲಿ ಎಂದು ಹೇಳಲು ಮರೆತಿದ್ದೆ ಎಂದುಕೊಂಡ ನೆನಪೋಲೆ.

ವರದಿಯನ್ನು ಮನೆಗೆ ತಂದಾಗ ಹೆಂಡತಿ ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ಸಣ್ಣ ಅಕ್ಷರ ನಮ್ಮ ಕಾರ್ಡಲ್ಲೂ ಇಲ್ಲ ಕಣ್ರೀ!" ಎಂದವಳೇ ಕತ್ತರಿ ತಂದು ಅಡಿಟಿಪ್ಪಣಿಯನ್ನು ಕತ್ತರಿಸಿಕೊಂಡಳು. ಮರುದಿನದಿಂದ ಅದು ಒಂದು ರಟ್ಟಿಗೆ ಅಂಟಿಕೊಂಡು ಅಂಗಡಿಯಲ್ಲಿ ಹತ್ತಿರದ ದೃಷ್ಟಿಯ ಪರೀಕ್ಷೆಗೆ ಬಂತು. ಪೇಟೆಯ ನಲವತ್ತು ದಾಟಿದವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ತಪ್ಪನ್ನು ಗಟ್ಟಿಯಾಗಿ ಓದಿ, ಇನ್ನೂ ಸ್ಪಷ್ಟವಾಗಿ ಕಾಣುವಂಥ ಗಾಜು ಕೇಳಿ, ಸಂತೋಷದಿಂದ ಮನೆಗೆ ಹೋದರು.

ಒಂದು ಮಧ್ಯಾಹ್ನ ಅವಳು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಅವನು ಅಂಗಡಿಗೆ ಹೋದ. ಪರೀಕ್ಷೆಯ ಕುರ್ಚಿಯಲ್ಲಿ ಯಾರೋ ಮುದುಕರು ಬೆನ್ನು ಮಾಡಿ ಕೂತಿದ್ದರು. ಬೋಳು ತಲೆ, ಸೊಟ್ಟ ಕೊರಳಪಟ್ಟಿ. ಅವನು ಬಾಗಿಲ ಬಳಿಯ ಕಪಾಟಿನ ಪಕ್ಕಕ್ಕೆ ಸರಿದು ನಿಂತ. ಇಪ್ಪತ್ತೈದು ವರ್ಷದಲ್ಲಿ ಮೇಷ್ಟ್ರ ಎದುರು ಹೀಗೆ ಪಕ್ಕಕ್ಕೆ ಸರಿಯುವುದು ಅವನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಹೆಂಡತಿ ರಟ್ಟನ್ನು ಅವರ ಕೈಗೆ ಕೊಟ್ಟಳು. "ಇದನ್ನ ಓದಿ ಸಾರ್."

ಮೇಷ್ಟ್ರು ಕಣ್ಣು ಕಿರಿದು ಮಾಡಿ ಮೊದಲೆರಡು ಪದ ತಡವರಿಸಿದರು. ಆಮೇಲೆ ರಟ್ಟನ್ನು ತೊಡೆಯ ಮೇಲೆ ಇಳಿಸಿ, ಎದುರಿನ ಗೋಡೆ ನೋಡುತ್ತ, "ಈ ತಪ್ಪು ಸಂಯೋಜಕರದು, ಅದನ್ನು ತಿಳಿಸಿದವರೂ ಅವರೇ," ಎಂದು ಪಟಪಟನೆ ಒಪ್ಪಿಸಿಬಿಟ್ಟರು.

"ಅಯ್ಯೋ, ನೋಡದೇ ಹೇಳ್ತಿದ್ದೀರಲ್ಲ!"

"ಬಾಯಿಪಾಠ ಆಗಿದೆ ಕಣಮ್ಮಾ. ವರದಿ ಬಂದ ದಿನ ಮಗಳ ಕೈಲಿ ಮೂರು ಸಲ ಓದಿಸ್ಕೊಂಡೆ." ಅವರು ರಟ್ಟಿನ ಮೇಲೆ ಬೆರಳಾಡಿಸಿದರು. "ಇವನು ನನ್ನ ಶಿಷ್ಯ. ಅವನ ಪರೀಕ್ಷೆ ದಿನ ನಾನು ಬಾಯಿ ಬಿಡೋ ಮೊದಲು ಅವನೇ ಎದ್ದು ಹೇಳ್ತಾನೇನೋ ಅಂತ ಅರ್ಧ ಗಂಟೆ ಕಾದಿದ್ದೆ. ಸೋಪಿನ ವಾಸನೆ ಬರದೇ ಇರೋಕೆ ಅವನಿಗೇನು ಮೂಗಿಲ್ವ? ಹೇಳಲಿಲ್ಲ. ಈ ಸಲ ಹೇಳಿದ."

ಕಪಾಟಿನ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತವನಿಗೆ ಏನಾದರೊಂದು ತಮಾಷೆ ಮಾಡಿಕೊಳ್ಳಬೇಕು ಅನ್ನಿಸಿತು. ಒಂದೂ ಹೊಳೆಯಲಿಲ್ಲ. ಮೇಷ್ಟ್ರಿಗೆ ಆವತ್ತೇ ಗೊತ್ತಿತ್ತು. ಅವನ ಕಣ್ಣು ತುಂಬಿ ಬಂತು.

ಹೆಂಡತಿ ಒಮ್ಮೆ ಅವನತ್ತ ನೋಡಿದಳು. "ಬಾಯಿಪಾಠ ಲೆಕ್ಕಕ್ಕಿಲ್ಲ ಸಾರ್, ಕಣ್ಣಲ್ಲಿ ಓದಬೇಕು," ಎಂದು ಮೇಷ್ಟ್ರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ ಒಂದು ಗಾಜು ಹಾಕಿದಳು. ತೆಗೆದು ಇನ್ನೊಂದು ಹಾಕಿದಳು. ಯಾವುದು ಸರಿ ಎಂದು ತಾನಾಗಿ ಹೇಳಲಿಲ್ಲ. "ಅದರ ಮುಂದೆ ಒಂದು ಹೆಸರಿದೆ. ಕಾಣುತ್ತಾ?"

ಮೇಷ್ಟ್ರು ರಟ್ಟನ್ನು ಹತ್ತಿರ ತಂದರು, ದೂರ ಹಿಡಿದರು. ಆಮೇಲೆ, ತರಗತಿಯಲ್ಲಿ ಹಾಜರಿ ಕರೆಯುವ ಹಾಗೆ, ಅವನ ಅಪ್ಪನ ಹೆಸರಿನ ಮೊದಲಕ್ಷರವನ್ನೂ ಬಿಡದೆ ಅವನ ಪೂರ್ತಿ ಹೆಸರನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು.

"ಇದ್ದೀನಿ ಸಾರ್," ಎಂದು ಅವನು ಕಪಾಟಿನ ಮರೆಯಿಂದ ಈಚೆ ಬಂದ.